ಖಾಲಿ ಡಬ್ಬಿಯ ಮುಂದೆ ಕೂತವರು

ಚಹದ ಬಸಿಯ ಅಂಚಿನ ಮೇಲೆ ಬಿಸಿಲು ಉಗುರಿನಷ್ಟು ಬಂದು ಕೂತಿತ್ತು. ಇನ್ನೆರಡು ನಿಮಿಷ ತಡೆದರೆ ಅದು ಚಹದ ಮೇಲೆ ಇಳಿಯುತ್ತದೆ, ಆರುತ್ತಿರುವ ಕೆನೆಯ ಸುಕ್ಕುಗಳಲ್ಲಿ ಕೆಲಹೊತ್ತು ತಡವರಿಸುತ್ತದೆ, ಆಮೇಲೆ ಒಮ್ಮೆಲೇ ಬಟ್ಟಲು ಪೂರ್ತಿ ಹೊತ್ತಿಕೊಂಡಂತಾಗುತ್ತದೆ ಎಂಬುದು ಸೋಮನಿಂಗನಿಗೆ ಮೂರು ದಿನದ ಅಭ್ಯಾಸದಿಂದ ಗೊತ್ತಾಗಿತ್ತು. ಹಾಗಾಗಿ ಚಹ ಕುಡಿಯದೆ ಕಾಯುತ್ತಿದ್ದ. "ಚಾ ಕುಡೀತೀರೋ, ಅದರ ಮಾರಿ ನೋಡ್ಕೋತ ಕುಂದರ್ತೀರೋ?" ಎಂದಳು ಹೆಂಡತಿ ಇಂದ್ರಾಬಾಯಿ, ಒಲೆಯ ಕಡೆಯಿಂದ ತಿರುಗದೆಯೇ. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡನನ್ನು ನೋಡಿಯೇ ಬಯ್ಯಬೇಕಾದ ಅಗತ್ಯ ಅವಳಿಗೆ ಉಳಿದಿರಲಿಲ್ಲ. ಡಬ್ಬಿ ಕ್ಯಾಮರಾ ಅವನ ತೊಡೆಯ ಮೇಲಿತ್ತು. ರೀಲಿನ ಹನ್ನೆರಡು ಚಿತ್ರಗಳಲ್ಲಿ ಹತ್ತು ಮುಗಿದಿದ್ದವು. ಉಳಿದ ಎರಡರಲ್ಲಿ ಒಂದನ್ನು ಈ ಚಹಕ್ಕೆ ಕೊಡಬಹುದೇ? ಹತ್ತು ಅಡಿಗಿಂತ ಹತ್ತಿರದ ಯಾವುದನ್ನೂ ಆ ಡಬ್ಬಿ ಸ್ಪಷ್ಟವಾಗಿ ಕಾಣದು. ಈ ವಿಷಯದಲ್ಲಿ ಅದು ಯಜಮಾನನನ್ನೇ ಹೋಲುತ್ತಿತ್ತು. ಬಟ್ಟಲು ಮಸುಕಾಗಿ ಬರುತ್ತದೆ. ಬಂದರೆ ಬರಲಿ, ಮಸುಕೂ ಒಂದು ಬಗೆಯ ಕೆನೆಯೇ ಅಲ್ಲವೇ ಎಂದುಕೊಳ್ಳುವಷ್ಟರಲ್ಲಿ ಬಿಸಿಲು ಇದ್ದಲ್ಲೇ ಆರಿಹೋಯಿತು. ತಲೆ ಎತ್ತಿದರೆ ಬಾಗಿಲಲ್ಲಿ ರುಮಾಲಿನ ಮನುಷ್ಯನೊಬ್ಬ ಬೆಳಕಿಗೆ ಅಡ್ಡ ನಿಂತಿದ್ದ.

"ಗುರುತ ಸಿಗಲಿಲ್ಲೇನ್ರಿ ಕಂಪೌಂಡರ್ರ? ನಾ ರೇವಪ್ಪರಿ. ಹಲಸಂಗಿ ದಾರಿ ಮ್ಯಾಗಿನ ತೋಟದ ಮನಿ. ಸಿದ್ದಲಿಂಗವ್ವನ ಮಗ." ಸೋಮನಿಂಗ ಇಂಡಿ ಊರಿನ ದನದ ದವಾಖಾನೆಯ ಕಂಪೌಂಡರ. ಅವನಿಗೆ ಮನುಷ್ಯರ ಗುರುತು ಅವರ ದನಗಳ ಮೂಲಕವೇ ಆಗುವುದು ರೂಢಿ. ಸಿದ್ದಲಿಂಗವ್ವ ಎಂದ ಕೂಡಲೇ ಕಣ್ಣ ಮುಂದೆ ಬಂದದ್ದು ಕೆಚ್ಚಲು ಬಾತ ಒಂದು ಎಮ್ಮೆ, ಅದರ ಹಿಂದಿನಿಂದ ನಿಧಾನವಾಗಿ ಒಬ್ಬ ಮುದುಕಿ. "ಎಮ್ಮಿ ಹ್ಯಾಂಗೈತ್ರಿ?" ಎಂದು ಕೇಳಿದ. "ಎಮ್ಮಿ ಚಲೋ ಐತ್ರಿ. ಅವ್ವ ಹ್ವಾದ್ಲು," ಎಂದ ರೇವಪ್ಪ. "ನಾಳಿಗಿ ಹನ್ನೊಂದನೇ ದಿನ."

ಕಾಲುಬಾಯಿ ಬೇನೆಯ ಸೂಜಿ ಚುಚ್ಚುತ್ತ ಹದಿನೈದು ದಿನ ಹಳ್ಳಿ ತಿರುಗಿದ್ದವನಿಗೆ ಸುದ್ದಿ ಮುಟ್ಟಿರಲಿಲ್ಲ. ಅವನು ಮಾಡಬೇಕಾದ ಮುಖವನ್ನು ಮಾಡುವುದರೊಳಗೆ ರೇವಪ್ಪ ಮುಂದುವರಿಸಿದ: "ಸಾಯೂ ಮುಂದ ನನ್ನ ಕೈ ಹಿಡದು ಆಣಿ ಹಾಕಿಸಿಕೊಂಡಾಳ್ರಿ. ನನ್ನ ಹೆಣಾ ಕುಂದ್ರಿಸಿ ಫೋಟೋ ತಗಸಬ್ಯಾಡ್ರಿ, ನಾ ಜೀವ ಇದ್ದಾಗನ ದನದ ದವಾಖಾನ್ಯಾಗ ತಗಸೇನಿ, ಕಂಪೌಂಡರ್ನ ಕಡೆ ಐತಿ, ಅದನ್ನ ಇಡ್ರಿ ಅಂತ. ಫೋಟೋ ತಗಿಯೂ ಮೋದಿನಸಾಬ ಸಾಮಾನ ಹೊತಗೊಂಡ ಬಂದು ಬಾಗಿಲಾಗ ನಿಂತಿದ್ದ. ಹೊಳ್ಳಿ ಕಳಸಿದ್ವಿ." ಹೆಮ್ಮೆ ಮತ್ತು ದುಃಖ ಎರಡನ್ನೂ ಅವನು ಒಂದೇ ರುಮಾಲಿನ ತುದಿಯಿಂದ ಒರೆಸಿಕೊಂಡ. "ಬೀಗರು ಬಿಜ್ಜರಿಗೆಲ್ಲ ಹೇಳೇವ್ರಿ, ನಮ್ಮವ್ವಂದು ಕಣ್ಣ ತೆರದಿದ್ದ ಫೋಟೋ ಐತಿ, ನಾಳಿ ಬಂದು ನೋಡ್ರಿ ಅಂತ. ನಗತಿದ್ಲಲ್ರಿ ಅದರಾಗ?"

"ಹೂಂ," ಎಂದ ಸೋಮನಿಂಗ. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.

"ಹಂಗಾರ ಇವತ್ತ ಮಧ್ಯಾನ್ನ ಮನಿಗಿ ತಗೊಂಡ ಬರ್ರಿ. ಕಾಜಿನ ಕಟ್ಟ ಹಾಕಸಬೇಕು," ಎಂದು ರೇವಪ್ಪ ಕೈ ಮುಗಿದು ಹೋದ. ಬಿಸಿಲು ಮರಳಿ ಬಂತು. ಬಂದು ಬಟ್ಟಲನ್ನು ಪೂರ್ತಿ ದಾಟಿ ನೆಲಕ್ಕಿಳಿದಿತ್ತು.

ಆ ಸೀಮೆಯ ಮನೆಗಳ ಪಡಸಾಲೆಯಲ್ಲಿ ತೂಗುವ ಹಿರಿಯರೆಲ್ಲ ಕಣ್ಣು ಮುಚ್ಚಿಕೊಂಡವರೇ. ಮನುಷ್ಯನಿಗೆ ಜನ್ಮಕ್ಕೊಂದು ಫೋಟೋ, ಅದೂ ಜನ್ಮ ಮುಗಿದ ಮೇಲೆ: ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು, ಗೋಡೆಗಾನಿಸಿ ಕೂರಿಸಿ, ಕೊರಳ ತುಂಬ ಹೂ ಹಾಕಿ, ಸುತ್ತ ಮನೆಮಂದಿ ನಿಂತು, ಮೋದಿನಸಾಬ ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಯಾರೂ ಅಲುಗಬೇಡಿರೆಂದು ಕೂಗುತ್ತಿದ್ದ. ನಡುವೆ ಕೂತವರಿಗೆ ಆ ಸೂಚನೆ ಬೇಕಾಗುತ್ತಿರಲಿಲ್ಲ. "ನನ್ನ ಗಿರಾಕಿಯೊಳಗ ಅವರ ಶಾಣ್ಯಾರು," ಎಂಬುದು ಮೋದಿನಸಾಬನ ಅನುಭವದ ಮಾತು. ಹಾಗಾಗಿಯೇ ಸೋಮನಿಂಗ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹೊಸ ಓಣಿಗೆ ಹೊಕ್ಕರೆ, ಯಾರು ಹೋದರೆಂದು ಕೇಳಲು ಒಬ್ಬಿಬ್ಬರು ಬಾಗಿಲಿಗೆ ಬರುತ್ತಿದ್ದರು. ಯಾರೂ ಹೋಗಿಲ್ಲ, ಗೋಡೆಯ ಮೇಲೆ ಬಿದ್ದ ಏಣಿಯ ನೆರಳನ್ನು ತೆಗೆಯಲು ಬಂದಿದ್ದೇನೆ ಎಂದು ಹೇಳುವುದು ಸಾವಿನ ಸುದ್ದಿ ಹೇಳುವುದಕ್ಕಿಂತ ಕಷ್ಟವಾಗುತ್ತಿತ್ತು.

ಆ ಡಬ್ಬಿ ಅವನಿಗೆ ಆರು ವರ್ಷದ ಹಿಂದೆ ಸಿಕ್ಕದ್ದು. ಆಲಮಟ್ಟಿಯಲ್ಲಿ ಕಾಲುವೆ ಕೆಲಸಕ್ಕಿದ್ದ ಓವರ್ಸಿಯರನೊಬ್ಬ ವರ್ಗವಾಗಿ ಹೋಗುವಾಗ, ತನ್ನ ನಾಯಿಯ ಕಜ್ಜಿ ವಾಸಿ ಮಾಡಿದ್ದಕ್ಕೆಂದು ಕೊಟ್ಟು ಹೋದ. ಅದನ್ನು ಕಣ್ಣಿಗೆ ಹಿಡಿದು ನೋಡುವಂತಿಲ್ಲ. ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ತಲೆ ತಗ್ಗಿಸಿ ನೋಡಬೇಕು. ಅಂಚೆಚೀಟಿಯಷ್ಟು ಗಾಜು. ಅದರೊಳಗೆ ದವಾಖಾನೆಯ ಅಂಗಳ, ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಬೈಯುತ್ತಿರುವ ಡಾಕ್ಟರರು, ಎಲ್ಲವೂ ಸಣ್ಣಗಾಗಿ, ಸದ್ದಡಗಿ, ಯಾರೋ ಈಗಷ್ಟೇ ತೊಳೆದು ಇಟ್ಟಂತೆ ಹೊಳೆಯುತ್ತಿದ್ದವು. ಎಡ ಬಲವಾಗಿ, ಬಲ ಎಡವಾಗಿ ಕಾಣುವುದೊಂದು ಅದರ ಹುಚ್ಚು. ಮೊದಲ ಸಲ ಅದರೊಳಗೆ ಇಣುಕಿದಾಗ ಒಬ್ಬ ಮನುಷ್ಯ ಎತ್ತಿನ ಹಗ್ಗ ಬಿಚ್ಚುತ್ತಿದ್ದ. ಬಿಚ್ಚುವುದು ಮುಗಿಯುವವರೆಗೂ ಸೋಮನಿಂಗ ಉಸಿರಾಡಿರಲಿಲ್ಲ. ಅಷ್ಟು ಹೊತ್ತು ತಾನು ಯಾರ ಕೈಕೆಳಗಿನವನೂ ಆಗಿರಲಿಲ್ಲ ಎಂಬುದು ಆಮೇಲೆ, ಡಾಕ್ಟರರು ಮೂರನೇ ಸಲ ಹೆಸರು ಹಿಡಿದು ಕೂಗಿದಾಗ, ತಿಳಿದಿತ್ತು.

ಆದರೆ ರೀಲು ಸಿಗುವುದು ಮೋದಿನಸಾಬ ಸೊಲ್ಲಾಪುರಕ್ಕೆ ಹೋಗಿ ಬಂದಾಗ ಮಾತ್ರ. ಇದ್ದ ಹನ್ನೆರಡನ್ನು ಜನರ ಮುಖಕ್ಕೆ ಖರ್ಚು ಮಾಡಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಕ್ಯಾಮರಾ ಕಂಡ ತಕ್ಷಣ ಜನ ತಮ್ಮ ಮುಖವನ್ನು ಒಳಗಿಟ್ಟು ಯಾವನೋ ಕಚೇರಿಯ ಮಾಮಲೇದಾರನ ಬಿಗಿ ಮುಖ ತೊಟ್ಟುಕೊಂಡು ಬರುತ್ತಿದ್ದರು. ಹಗ್ಗದ ಗಂಟು ಹಾಗೆ ಮಾಡುತ್ತಿರಲಿಲ್ಲ. ಆದ್ದರಿಂದ ಅವನು ಒಂದು ಪದ್ಧತಿ ಮಾಡಿಕೊಂಡಿದ್ದ: ರೀಲು ಇದ್ದಾಗ ಇಲ್ಲ ಎನ್ನುವುದು, ಇಲ್ಲದಾಗ, ಹೇಗೂ ಕಳೆದುಕೊಳ್ಳುವುದೇನಿಲ್ಲವೆಂದು, ಕೂರಿಸಿ ಟಕ್ ಅನ್ನಿಸಿಬಿಡುವುದು. ಕೇಳಿದರೆ ಸೊಲ್ಲಾಪುರಕ್ಕೆ ತೊಳೆಯಲು ಹೋಗಿದೆ ಎಂದರೆ ಆಯಿತು. ಸೊಲ್ಲಾಪುರ ದೊಡ್ಡ ಊರು, ಅಲ್ಲಿ ಏನು ಬೇಕಾದರೂ ಕಳೆದುಹೋಗಬಹುದು. ಈ ಆರು ವರ್ಷಗಳಲ್ಲಿ ಇಂಡಿ ಊರಿನ ಕಾಲುಭಾಗ ಜನ ಅವನ ಖಾಲಿ ಡಬ್ಬಿಯ ಮುಂದೆ ಮೀಸೆ ತಿರುವಿ ಕೂತು ಎದ್ದು ಹೋಗಿದ್ದರು. ಯಾರೂ ಸತ್ತಿರಲಿಲ್ಲ. ಅಂದರೆ, ಸತ್ತು ಹೀಗೆ ಫೋಟೋ ಕೇಳಿ ಕಳಿಸಿರಲಿಲ್ಲ.

ದವಾಖಾನೆಯಲ್ಲಿ ಹತ್ತು ಗಂಟೆಗೆ ಒಂದು ಹೋರಿಯ ಕಾಲಿಗೆ ಪಟ್ಟಿ ಕಟ್ಟುತ್ತಿರುವಾಗ ಸಿದ್ದಲಿಂಗವ್ವ ನೆನಪಿನಿಂದ ಎದ್ದು ಬಂದು ಅಂಗಳದ ಅದೇ ಕಲ್ಲಿನ ಮೇಲೆ ಕೂತಳು. ಆವತ್ತು ಎಮ್ಮೆಯ ಕೆಚ್ಚಲನ್ನು ಕೆಂಪು ಔಷಧದ ನೀರಿನಿಂದ ತೊಳೆದು ಅವನು ಕೈ ಒರೆಸಿಕೊಳ್ಳುತ್ತಿದ್ದಾಗ ಅವಳು ಮೊಳೆಗೆ ತೂಗಿದ್ದ ಡಬ್ಬಿಯ ಕಡೆ ಗದ್ದ ಎತ್ತಿ ತೋರಿಸಿದ್ದಳು. "ತಮ್ಮಾ, ಆ ಡಬ್ಬಿ ಫೋಟೋದ್ದ ಹೌದಿಲ್ಲೋ?" "ಹೌದ ಯವ್ವಾ." "ಹೆಣದ್ದಷ್ಟ ಬರತೈತೇನು ಅದರಾಗ?" "ಇಲ್ಲ, ಜೀವ ಇದ್ದವರದೂ ಬರತೈತಿ." "ಹಂಗಾರ ನಂದೊಂದ ತಗಿ. ಸತ್ತ ಮ್ಯಾಲ ಕುಂದ್ರಿಸಿ ತಗದ್ರ ನನಗೇನ ಕಾಣತೈತೇನು? ನಮ್ಮತ್ತೀದು ಪಡಸಾಲ್ಯಾಗ ತೂಗಹಾಕ್ಯಾರ ನೋಡು. ಬಾಯಿ ಮ್ಯಾಲ ನೊಣ ಕುಂತೈತಿ. ಮೂವತ್ತ ವರ್ಷಾತು, ಇನ್ನೂ ಎದ್ದಿಲ್ಲ." ಅವನಿಗೆ ನಗು ಬಂದಿತ್ತು. ಡಬ್ಬಿ ಖಾಲಿ ಇತ್ತು. ಅವಳು ತಂಬಾಕು ಉಗುಳಿ ಬಂದು, ಸೆರಗಿನಿಂದ ಮುಖ ಒರೆಸಿ, ಕಲ್ಲಿನ ಮೇಲೆ ಕೂತು, ಕೆರವುಗಳನ್ನು ಕಳಚಿ ಪಕ್ಕಕ್ಕೆ ಜೋಡಿಸಿ, ಒಂದು ಕೈಯನ್ನು ಎಮ್ಮೆಯ ಬೆನ್ನಿನ ಮೇಲಿಟ್ಟು, ಮುಂದಿನ ಹಲ್ಲು ಬಿದ್ದದ್ದು ಕಾಣಬಾರದೆಂದು ತುಟಿ ಒತ್ತಿಕೊಂಡಿದ್ದಳು. ಅಷ್ಟರಲ್ಲಿ ಎಮ್ಮೆ ಅವಳ ಕಿವಿಯನ್ನು ನೆಕ್ಕಿತು. ತುಟಿ ಬಿಟ್ಟುಹೋಯಿತು. ಟಕ್. "ಬಂತೇನು?" "ಬಂತು," ಎಂದಿದ್ದ. ಆ ಎರಡಕ್ಷರ ಈಗ ಹೋರಿಯ ಕಾಲಿನ ಪಟ್ಟಿಯೊಂದಿಗೆ ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ದಪ್ಪವಾಯಿತು. "ಸಾಹೇಬ್ರ, ಕಾಲಿಗಿ ಹಾಸಿಗಿ ಕಟ್ಟಾಕತ್ತೀರೇನ್ರಿ?" ಎಂದ ಹೋರಿಯ ಯಜಮಾನ.

ಮೋದಿನಸಾಬನ ಸ್ಟುಡಿಯೋದಲ್ಲಿ ಪರದೆಯ ಮೇಲೆ ಒಂದು ಸರೋವರ, ಎರಡು ಹಂಸ, ಹಿಂದೆ ಯಾವ ದೇಶದ್ದೋ ಒಂದು ಬೆಟ್ಟ. ಅದರ ಮುಂದೆ ಸ್ಟೂಲಿನ ಮೇಲೆ ಕೂತು ಸೋಮನಿಂಗ ವಿಷಯ ಹೇಳಿದ. ಮೋದಿನಸಾಬ ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲ ಹೊರಗೆ ನಿಂತು ನಕ್ಕು, ಬಾಯಿ ಒರೆಸಿಕೊಂಡು ಒಳಗೆ ಬಂದ. "ನನ್ನ ಹೊಳ್ಳಿ ಕಳಿಸಿದ್ದು ಅದಕ್ಕೇನು! ನೀವು ಗ್ವಾಡಿ ತಗೀರಿ, ಗೂಟ ತಗೀರಿ, ಮೊನ್ನೆ ಒಂದ ಬರೇ ಸಗಣಿ ಬುಟ್ಟಿ ತಗದ ತಂದ್ರಿ, ನಾ ಏನರ ಅಂದೆನೇನು? ತೊಳದು ಕೊಟ್ಟೆ. ಆದ್ರ ಖಾಲೀ ಡಬ್ಬಿ ತೊಳಿಯೂ ಇಲಮು ನನ್ನ ಕಡೆ ಇಲ್ರಿ." ಮಾತು ಮುಗಿಸಿ ಕಪಾಟು ತೆರೆದ. ಯಾರೂ ಒಯ್ಯದೆ ಬಿಟ್ಟ ಫೋಟೋಗಳು ಅದರಲ್ಲಿ ತುಂಬಿದ್ದವು. ಒಂದನ್ನು ಆರಿಸಿ ಬೆಳಕಿಗೆ ಹಿಡಿದ: ಸೆರಗು ಹೊದ್ದ, ಅಪರೂಪಕ್ಕೆ ಕಣ್ಣು ತೆರೆದ ಒಬ್ಬ ಮುದುಕಿ, ಎರಡೂ ಕೈ ಮಡಿಲಲ್ಲಿ. "ಇಕಿ ಸಿಂದಗಿ ಕಡೆಯಾಕಿ. ತಗಸಿದ ಮ್ಯಾಲ ಒಯ್ಯಾಕ ಯಾರೂ ಬಂದಿಲ್ಲ. ಬ್ರಷ್ ತಗೊಂಡು ಗದ್ದ ಈಟು ಸಣ್ಣ ಮಾಡ್ತೇನಿ. ಮ್ಯಾಲ ಮಾಲಿ ಬೀಳತೈತಿ, ಭಸ್ಮ ಬೀಳತೈತಿ, ಉದಿನಕಡ್ಡಿ ಹೊಗಿ ಬೀಳತೈತಿ. ವರ್ಷದಾಗ ಎಲ್ಲಾ ಅವ್ವಗೋಳೂ ಒಂದ ಕಾಣ್ತಾರ."

ಸೋಮನಿಂಗ ಅದನ್ನು ಬಹಳ ಹೊತ್ತು ನೋಡಿದ. ಬೇಡವೆನ್ನಲು ಅವನಿಗೆ ಒಂದು ಘನವಾದ ಕಾರಣ ಬೇಕಿತ್ತು, ಸಿಕ್ಕದ್ದು ಕಿವಿ. ಈಕೆಯ ಕಿವಿ ಇಡಿಯಾಗಿತ್ತು. ಸಿದ್ದಲಿಂಗವ್ವನ ಒಂದು ಕಿವಿಯ ತುದಿ ಓಲೆಯ ಭಾರಕ್ಕೆ ಎಂದೋ ಹರಿದು ಎರಡು ಎಳೆಯಾಗಿತ್ತು. ಎಮ್ಮೆ ನೆಕ್ಕಿದ್ದು ಅದನ್ನೇ. ಅದು ತನಗೆ ಇಷ್ಟು ಚೆನ್ನಾಗಿ ಗೊತ್ತಿದೆ ಎಂಬುದು ಅವನಿಗೇ ಆಶ್ಚರ್ಯವಾಯಿತು. ತನ್ನ ತಾಯಿಯ ಕಿವಿ ಹೇಗಿತ್ತೆಂದು ನೆನೆಸಿಕೊಳ್ಳಲು ಹೋದ. ನೆನಪಾಗಲಿಲ್ಲ. "ಬ್ಯಾಡ ಮೋದಿನಸಾಬ. ಹೋಗಿ ಹೇಳ್ತೇನಿ." "ಹೇಳ್ರಿ. ತ್ವಾಟದ ಮಂದಿ, ಕೈಯಾಗ ಕುಡಗೋಲ ಇಲ್ಲದ ಹೊತ್ತು ನೋಡಿ ಹೇಳ್ರಿ," ಎಂದ ಮೋದಿನಸಾಬ.

ಹಲಸಂಗಿ ದಾರಿಯಲ್ಲಿ ಸೈಕಲ್ಲು ತುಳಿಯುತ್ತ ಅವನು ತಪ್ಪೊಪ್ಪಿಗೆಯನ್ನು ಹಲವು ಬಗೆಯಲ್ಲಿ ಜೋಡಿಸಿದ. ಪ್ರತಿಯೊಂದರಲ್ಲೂ ತಾನು ಸ್ವಲ್ಪ ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದುದರಿಂದ ಒಂದೊಂದಾಗಿ ಬಿಟ್ಟ. ಹೆಗಲಲ್ಲಿ ಡಬ್ಬಿ ತೂಗಾಡುತ್ತಿತ್ತು. ಮನೆಯಲ್ಲಿ ಬಿಟ್ಟು ಬರಬೇಕಿತ್ತು, ಕಳ್ಳ ಗುದ್ದಲಿಯನ್ನೂ ತಂದಂತಾಯಿತು ಎನ್ನಿಸಿತು. ಆದರೆ ಬಿಟ್ಟು ಬರಲು ಮನಸ್ಸಾಗಿರಲಿಲ್ಲ, ಅದರೊಳಗಿನ ಹತ್ತು ಚಿತ್ರಗಳಲ್ಲಿ ಒಂಬತ್ತನೆಯದು ಇಂದ್ರಾಬಾಯಿಯದು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದ್ದ ಅವಳ ಬೆನ್ನಿನ ಮೇಲೆ, ಎತ್ತಿ ನಿಲ್ಲಿಸಿದ್ದ ಹೊರಸು ಮಂಚದ ಹಗ್ಗದ ನೆರಳು ಚೌಕಚೌಕವಾಗಿ ಬಿದ್ದಿತ್ತು. ಮದುವೆಯಾದಾಗಿನಿಂದ ನನ್ನದೊಂದು ಫೋಟೋ ತೆಗೆದಿಲ್ಲ ಎಂದು ಅವಳು ಜಗಳ ತೆಗೆದಾಗಲೆಲ್ಲ ಅವನು ಒಳಗೊಳಗೇ ಆ ಚಿತ್ರವನ್ನು ಮುಟ್ಟಿ ನೋಡಿಕೊಂಡು ಸುಮ್ಮನಿರುತ್ತಿದ್ದ. ಅದನ್ನು ಕಂಡರೆ ಅವಳು ಬೆನ್ನೇ ಸಿಕ್ಕಿತೇನು ಎಂದು ಬೈಯುತ್ತಾಳೆ ಎಂಬುದೂ ಗೊತ್ತಿತ್ತು.

ತೋಟದ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಜನ ಕೂತಿದ್ದರು. ಫೋಟೋಕ್ಕೆ ಗಾಜು ಹಾಕುವ ಕಟ್ಟು ಆಗಲೇ ಬಂದಿತ್ತು, ಖಾಲಿಯಾಗಿ ಗೋಡೆಗೆ ಒರಗಿತ್ತು. ರೇವಪ್ಪನ ಹೆಂಡತಿ ಹೊನ್ನವ್ವ ತಂಬಿಗೆ ನೀರು ತಂದಿಟ್ಟಳು. ತೀರಿಕೊಂಡವಳ ತಂಗಿ ಚನ್ನವ್ವ, ಮುದ್ದೇಬಿಹಾಳದಿಂದ ಬಂದವಳು, ನೋಡಲೆಂದೇ ಮುಂದಕ್ಕೆ ಸರಿದು ಕೂತಳು. ಸೋಮನಿಂಗ ನೀರು ಕುಡಿದ, ಕುಡಿದ ಮೇಲೆ ಹೇಳುವುದು ಇನ್ನೂ ಕಷ್ಟವೆಂದು ತಿಳಿದು, ನಿಂತೇ ಹೇಳಿದ: "ಫೋಟೋ ಇಲ್ರಿ. ಆವತ್ತ ಡಬ್ಬಿ ಒಳಗ ರೀಲ ಇರಲಿಲ್ಲ. ಗೊತ್ತಿದ್ದ, ಸುಮ್ಮನ ಟಕ್ ಅನಿಸಿದೆ. ಬಂತು ಅಂತ ಸುಳ್ಳ ಹೇಳಿದೆ."

ರೇವಪ್ಪ ನಿಧಾನವಾಗಿ ಎದ್ದ. "ನಿಮ್ಮ ಮಾತ ನಂಬಿ ಅಕಿ ಹೆಣದ ಫೋಟೋನೂ ಬ್ಯಾಡ ಅಂದ್ಲಲ್ರೀ. ಈಗ ಮಣ್ಣಾಗಿಂದ ತಗೀಲೇನು? ಹತ್ತ ಊರಿಗಿ ಹೇಳೇನಿ, ನಾಳಿ ಆ ಖಾಲಿ ಕಟ್ಟಿಗೆ ಪೂಜಿ ಮಾಡ್ಲೇನು?" ಸೋಮನಿಂಗ ತಲೆ ತಗ್ಗಿಸಿದ. ಅದು ಅವನಿಗೆ ಫೋಟೋ ತೆಗೆಯುವ ಭಂಗಿಯೂ ಆಗಿದ್ದುದರಿಂದ ಇನ್ನಷ್ಟು ನಾಚಿಕೆಯಾಯಿತು. ಒಬ್ಬ ಮುದುಕ ಕೆಮ್ಮಿದ. ಆಗ ಹೊನ್ನವ್ವ, ಯಾರ ಮುಖವನ್ನೂ ನೋಡದೆ, ಕೇಳಿದಳು: "ಅಕಿ ಹ್ಯಾಂಗ ಕುಂತಿದ್ಲ್ರಿ?"

"ಏನ್ರಿ?"

"ಫೋಟೋ ತಗಸಾಕ ಅಂತ ಕುಂತಿದ್ಲಲ್ರಿ. ಹ್ಯಾಂಗ ಕುಂತಿದ್ಲು? ಮನಿಗಿ ಬಂದು ಎಂಟ ದಿನ ಹೇಳ್ಯಾಳ, ಬಾಯಿ ಮುಚಗೊಂಡ ಕುಂತಿದ್ನಿ, ಭಾಳ ಚಂದ ಬಂದೈತಿ ಅಂತ."

ಅವನು ಹೇಳತೊಡಗಿದ. ಕೆರವು ಕಳಚಿ ಜೋಡಿಸಿದ್ದು, ಸೆರಗಿನಿಂದ ಮೊದಲು ಹಣೆ ಒರೆಸಿ ಆಮೇಲೆ ಬಾಯಿ ಒರೆಸಿದ್ದು, ಬಳೆಯನ್ನು ಮೊಣಕೈವರೆಗೆ ಮೇಲೆ ಸರಿಸಿದ್ದು, ತುಟಿ ಒತ್ತಿದ್ದು, ಎಮ್ಮೆ ಕಿವಿ ನೆಕ್ಕಿದ್ದು. "ಹರದ ಕಿವಿ!" ಎಂದಳು ಚನ್ನವ್ವ. "ಹೌದ್ರಿ, ಅದನ್ನ. ಬಾಯಿ ಮುಚ್ಚಿರಲಿಲ್ರಿ ಅವರು. ಪೂರಾ ಬಾಯಿ ತೆರದು ನಕ್ಕರು. ಎಡಗೈ ಎಮ್ಮೀ ಬೆನ್ನ ಮ್ಯಾಲ ಇತ್ತು." "ತಡೀರಿ," ಎಂದ ರೇವಪ್ಪ. ಅವನ ಧ್ವನಿಯಲ್ಲಿ ಸಾಕ್ಷಿಯನ್ನು ಹಿಡಿದ ವಕೀಲನ ಸಂತೋಷವಿತ್ತು. "ಎಡಗೈ? ಜ್ವಾಳದ ಹಗೇವಿನಾಗ ಬಿದ್ದು ಮುರದಾಗಿಂದ ಅವ್ವನ ಎಡಗೈ ಎದಿಮಟ್ಟಾನೂ ಏಳತಿರಲಿಲ್ಲ. ಇದೂ ಸುಳ್ಳ ಹೇಳಾಕತ್ತೀರೇನು?" ಸೋಮನಿಂಗ ಕಣ್ಣು ಮುಚ್ಚಿ ಮತ್ತೊಮ್ಮೆ ನೋಡಿಕೊಂಡ. ಎಡಗೈಯೇ, ಈಗಲೂ ಕಾಣುತ್ತಿದೆ. ಆಮೇಲೆ ತಿಳಿಯಿತು. ಅವನಿಗೆ ನೆನಪಿದ್ದದ್ದು ಮುದುಕಿಯಲ್ಲ, ಗಾಜು. "ಇದರೊಳಗ ಅದಲಬದಲ ಕಾಣತೈತ್ರಿ. ಬಲಗೈ. ಬಲಗೈನ ಇತ್ರಿ. ಬೇಕಾರ ನೋಡ್ರಿ," ಎಂದು ಡಬ್ಬಿಯನ್ನು ಚಾಚಿದ.

ರೇವಪ್ಪ ತಲೆ ತಗ್ಗಿಸಿ ನೋಡಿದ. ಬಹಳ ಹೊತ್ತು ನೋಡಿದ. "ಏ ಹೊನ್ನವ್ವ, ಬಲಗೈ ಎತ್ತು," ಎಂದ. "ಎತ್ತೇನಿ." "ಎಡಗೈ ಎತ್ತೀಯಲ್ಲ!" ಎಲ್ಲರೂ ಎದ್ದು ಬಂದರು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಬಾವಿ ಆ ಕಡೆಗೆ ಬಂದಿದೆ, ಗುಡಿಸಲು ಈ ಕಡೆಗೆ ಹೋಗಿದೆ, ಚನ್ನವ್ವ ಎಲೆಯಡಿಕೆಯನ್ನು ಬೇರೆ ದವಡೆಯಲ್ಲಿ ಅಗಿಯುತ್ತಿದ್ದಾಳೆ. ಸೋಮನಿಂಗ ಪಕ್ಕದಲ್ಲಿ ನಿಂತು, ಒಬ್ಬೊಬ್ಬರ ಮುಖವೂ ಆ ಗಾಜಿನ ಮೇಲೆ ಬಾಗಿದೊಡನೆ ಸಡಿಲವಾಗುವುದನ್ನು ನೋಡಿದ. "ಈಗ ಇದರಾಗ ರೀಲ ಐತೇನು?" ಎಂದು ರೇವಪ್ಪ ಫಕ್ಕನೆ ಕೇಳಿದ. "ಐತ್ರಿ. ಎರಡ ಉಳದಾವು. ನೀವು ಒಪ್ಪಿದ್ರ ಎಲ್ಲಾರದೂ ತಗೀತೇನಿ." "ಆವತ್ತೂ ಹಿಂಗ ಅಂದಿದ್ರಿ. ತೆರದ ತೋರಸ್ರಿ."

ತೆರೆದರೆ ಬೆಳಕು ಬಿದ್ದು ಎಲ್ಲ ಹೋಗುತ್ತದೆ. ಅದನ್ನು ಹೇಳಲು ಬಾಯಿ ತೆರೆದ. ಎದುರಿಗೆ ಹತ್ತು ಹನ್ನೆರಡು ಮುಖಗಳು, ಒಂದರ ಮೇಲೂ ಮಾಮಲೇದಾರನಿರಲಿಲ್ಲ. ಈ ಮನುಷ್ಯ ಇನ್ನೇನು ನೆಪ ಹೇಳುತ್ತಾನೆ ಎಂದು ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಅದು ಸತ್ಯ. ಆದರೆ ಸೊಲ್ಲಾಪುರದ ಸುಳ್ಳಿನಂತೆಯೇ ಕೇಳಿಸುವ ಸತ್ಯ. ಅವನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಡಬ್ಬಿಯ ಬೆನ್ನು ತೆರೆದ. "ಇದು ಬರೇ ಕಾಗದ ಐತಲ್ಲ!" ಎಂದ ರೇವಪ್ಪ. "ಕಾಗದ ಮ್ಯಾಲಿಂದು. ಒಳಗ ಐತ್ರಿ," ಎಂದು ಸೋಮನಿಂಗ ಸುರುಳಿಯನ್ನು ಎಳೆದ. ಕಾಗದದ ಒಳಮೈಯಿಂದ ಬೂದುಬಣ್ಣದ ಪಟ್ಟಿ ಬಿಚ್ಚಿಕೊಂಡಿತು. ಏಣಿಯ ನೆರಳು, ಹಗ್ಗದ ಗಂಟು, ಒಂಬತ್ತನೆಯದು, ಎಲ್ಲವೂ ಒಂದೇ ಉಸಿರಿಗೆ ಹೊರಬಂದು ಬೇವಿನ ಮರದ ಕೆಳಗೆ ಸುರುಳಿ ಸುರುಳಿಯಾಗಿ ಬಿದ್ದವು. ಚನ್ನವ್ವ ಬೆರಳಿನಿಂದ ಮುಟ್ಟಿ ನೋಡಿ, "ಐತಿ. ಖರೇನ ಐತಿ," ಎಂದು ಎಲ್ಲರಿಗೂ ಸಾರಿದಳು.

"ಹಂಗಾರ ತಗೀರಿ," ಎಂದ ರೇವಪ್ಪ, ಮೆತ್ತಗಾಗಿ. ಅಷ್ಟರಲ್ಲೇ ಹೊನ್ನವ್ವ ಹೊರಸು ಎಳೆದಳು, ಮುದುಕರು ಅದರ ಮೇಲೆ ಕೂತರು, ಹೆಂಗಸರು ಕೆಳಗೆ, ಗಂಡಸರು ರುಮಾಲು ಸರಿಪಡಿಸಿಕೊಂಡು ಹಿಂದೆ.

"ಈಗ ಬರೂದಿಲ್ರಿ. ತೆರದ್ನಲ್ಲ, ಬೆಳಕ ಬಿದ್ದು ಹಾಳಾತು."

"ಬೆಳಕ ಇಲ್ಲಂದ್ರ ಫೋಟೋ ಬರೂದಿಲ್ಲ ಅಂತಾನ ಮೋದಿನಸಾಬ."

"ಬೆಳಕ ಬೇಕ್ರಿ. ಇಷ್ಟ ಬ್ಯಾಡ."

ರೇವಪ್ಪ ನೆಲದ ಮೇಲಿನ ಪಟ್ಟಿಯನ್ನು ನೋಡಿದ, ಇವನ ಮುಖವನ್ನು ನೋಡಿದ. "ತೆರದ್ರ ಹಾಳಾಗತೈತಿ ಅಂತ ಮದಲ ಗೊತ್ತಿತ್ತೇನು?" "ಗೊತ್ತಿತ್ರಿ." "ಮತ್ತ ಯಾಕ ತೆರದ್ರಿ ಮಾರಾಯರ?" "ನೀವು ತೋರಸು ಅಂದ್ರಿ." ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಏನ ಮನಷ್ಯಾರಿದೀರೋ," ಎಂದ ರೇವಪ್ಪ. "ಖಾಲೀ ಇದ್ದಾಗ ತಗೀತೀರಿ, ತುಂಬಿದ್ದಾಗ ಹಾಳ ಮಾಡ್ತೀರಿ." ಅವನ ತುಟಿಯ ಮೂಲೆಯೂ ಸ್ವಲ್ಪ ಅಲುಗಿತು, ಹನ್ನೊಂದನೇ ದಿನದ ಹಿಂದಿನ ದಿನವೆಂಬುದು ನೆನಪಾಗಿ ಸುಮ್ಮನಾಯಿತು. "ಮೋದಿನಸಾಬನ ಕಡೆ ಇಸಗೊಂಡು ನಾಳಿಗೆ ಹೊಸ ರೀಲ ತಗೊಂಡ ಬರ್ತೇನಿ," ಎಂದ ಸೋಮನಿಂಗ. "ಅವ್ವಂದು ಬರೂದಿಲ್ಲ. ನಿಮ್ಮೆಲ್ಲಾರದೂ ಬರತೈತಿ."

ಕೂತವರು ಮಾತ್ರ ಏಳಲಿಲ್ಲ. ಇಷ್ಟೆಲ್ಲ ಸಾವರಿಸಿಕೊಂಡು ಕೂತು ಹಾಗೆಯೇ ಏಳುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. "ಕುಂತೇವಿ ಹ್ಯಾಂಗೂ," ಎಂದಳು ಚನ್ನವ್ವ. "ಸುಮ್ಮನ ಒಂದ ಸಲ ಟಕ್ ಅನಸಪಾ. ನಮ್ಮಕ್ಕನ ಮುಂದ ಅನಸಿದಿಯಲ್ಲ, ಹಂಗ."

ಅವನು ಡಬ್ಬಿಯನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ತಗ್ಗಿಸಿದ. ಗಾಜಿನೊಳಗೆ ಮನೆಮಂದಿಯೆಲ್ಲ ಸಣ್ಣಗಾಗಿ, ಅದಲುಬದಲಾಗಿ, ಹೊಳೆಯುತ್ತಿದ್ದರು. ಬೇವಿನ ನೆರಳು ಹೊನ್ನವ್ವನ ಹೆಗಲಿನಿಂದ ಇಳಿದು ಮುದುಕನ ಮೊಣಕಾಲನ್ನು ಹತ್ತುತ್ತಿತ್ತು. ರೇವಪ್ಪ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸಿದ. ಸೋಮನಿಂಗನ ಹೆಬ್ಬೆರಳು ಟಕ್ ಅನ್ನಿಸುವ ಕೀಲಿಯ ಮೇಲಿತ್ತು; ಅದು ಅಲುಗಲಿಲ್ಲ. ಆ ಸದ್ದನ್ನು ಖಾಲಿ ಡಬ್ಬಿಯಿಂದ ಹೊರಡಿಸುವುದು ಇನ್ನು ತನ್ನ ಕೈಲಾಗದು ಎಂಬುದು ಅವನಿಗಿಂತ ಮೊದಲು ಬೆರಳಿಗೆ ತಿಳಿದಿತ್ತು. ಸದ್ದು ಬಾರದ್ದರಿಂದ ಮುಗಿಯಿತೆಂದು ಯಾರಿಗೂ ಅನ್ನಿಸಲಿಲ್ಲ. ಅವರು ಹಾಗೆಯೇ ಕೂತರು. ಮೊದಲು ಬಿಗಿಯಾಗಿ, ಆಮೇಲೆ ಬಿಗಿಯಾಗಿ ಕೂತದ್ದು ಮರೆತು. ಯಾರೋ ಆಕಳಿಸಿದರು. ಒಂದು ಎಲೆ ಬಿತ್ತು. ಅವನು ನೋಡುತ್ತಲೇ ಇದ್ದ.

"ಆತೇನಪಾ?" ಎಂದಳು ಚನ್ನವ್ವ, ತುಟಿ ಅಲುಗಿಸದೆ.

"ಇನ್ನೂ ಇಲ್ರಿ."

"ಇರ್ಲಿ ಬಿಡಪಾ. ಇನ್ನೊಂದೀಟು ಕುಂದರ್ತೇವಿ."